ಸೀಟಿನ ಪಕ್ಕದ ಕೋವಿ

ಕೋವಿ ಮುಟ್ಟದೆ ಕೋವಿಯ ಸ್ಟ್ಯಾಂಡ್ ಮಾಡುವುದು ನನ್ನ ಕೆಲಸ. ಅರಬರ ನಾಡಿನ ಹಾಯಿಲ್ ಪೇಟೆಯ ಹೊರಗೆ ಗ್ಯಾರೇಜುಗಳೇ ತುಂಬಿರುವ ಬೀದಿಯೊಂದರಲ್ಲಿ ನಮ್ಮದೂ ಒಂದು. ಮರಳಿಗೆ ಇಳಿಯುವ ಗಾಡಿಗಳಿಗೆ ಬೇಕಾದದ್ದನ್ನೆಲ್ಲ ಕೂರಿಸಿ ಕೊಡುತ್ತೇವೆ: ಎರಡನೆಯ ಡೀಸೆಲ್ ಟ್ಯಾಂಕು, ಮುಂದಿನ ಕಬ್ಬಿಣದ ಬಂಪರು, ಹೂತುಹೋದ ಗಾಡಿಯನ್ನು ಎಳೆಯುವ ವಿಂಚು. ಬೇಟೆ ನಿಷೇಧವಿರುವ ಕಾಯ್ದಿಟ್ಟ ಮರುಭೂಮಿಗೆ ಇಲ್ಲಿ ಮಹ್ಮಿಯಾ ಎನ್ನುತ್ತಾರೆ. ಅದರ ಕಾವಲುಗಾರರ ಪಿಕಪ್ಪುಗಳೂ ನಮ್ಮಲ್ಲಿಗೇ ಬರುತ್ತವೆ. ಜಿಂಕೆ ಹೊಡೆಯಲು ಬರುವವರು ಕೋವಿ ಹಿಡಿದೇ ಬರುವುದರಿಂದ ಕಾಯುವವರ ಹತ್ತಿರವೂ ಕೋವಿ ಇರುತ್ತದೆ. ಓಡುವ ಗಾಡಿಯೊಳಗೆ ಅದು ಎಲ್ಲಿರಬೇಕು, ಹೇಗಿರಬೇಕು ಎನ್ನುವುದು ಈಗ ನನ್ನ ತಲೆನೋವು.

ಪರದೇಶದ ಕೆಲಸದವರು ಕೋವಿಗೆ ಕೈ ಹಚ್ಚಬಾರದು ಎಂದು ನಮ್ಮ ಕಫೀಲನ, ಅಂದರೆ ಗ್ಯಾರೇಜಿನ ಧಣಿಯ, ಕಟ್ಟಪ್ಪಣೆ. ಆದ್ದರಿಂದ ಕಾವಲುಗಾರ ಗುಂಡುಗಳನ್ನೆಲ್ಲ ತೆಗೆದು ತೋರಿಸಿ, ಕೋವಿಯನ್ನು ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲೇ ನಿಲ್ಲುತ್ತಾನೆ. ನಾನು ಅದಕ್ಕೆ ತಾಗದಂತೆ ಟೇಪು ಹಿಡಿದು, ಮಲಗಿದ ಮಗುವಿನ ಅಳತೆ ತೆಗೆಯುವ ದರ್ಜಿಯ ಹಾಗೆ ಉದ್ದಗಲ ನೋಡಿಕೊಳ್ಳುತ್ತೇನೆ. ಆಮೇಲೆ ಅದೇ ಅಳತೆಯಲ್ಲಿ ಮರದ ಕೋವಿಯೊಂದು ತಯಾರಾಗುತ್ತದೆ. ಅದನ್ನು ಕೆತ್ತುವವನು ನನ್ನ ರೂಮಿನ ಗೆಳೆಯ, ಉಡುಪಿ ಕಡೆಯ ಬಡಗಿ. "ಎಂತ ಮಾರಾಯ, ಊರಲ್ಲಿ ಹಂದಿ ಓಡಿಸ್ಲಿಕ್ಕೆ ಇದೇ ಸಾಕಲ್ಲ" ಎನ್ನುತ್ತ ಪ್ರತಿಯೊಂದನ್ನೂ ಹೆಗಲಿಗೇರಿಸಿ ಒಂದು ಕಣ್ಣು ಮುಚ್ಚುತ್ತಾನೆ. ಆ ಮರದ ಕೋವಿಯನ್ನಿಟ್ಟೇ ಸ್ಟ್ಯಾಂಡಿನ ತೂತು, ಕೊಂಡಿ, ರಬ್ಬರು ಎಲ್ಲವನ್ನೂ ಹೊಂದಿಸುತ್ತೇನೆ.

ಕಫೀಲನ ಇನ್ನೊಂದು ನಿಯಮವೂ ಇದೆ. ಸ್ಟ್ಯಾಂಡ್ ಕೂರಿಸಿದವನೇ ಕಾವಲುಗಾರನ ಪಕ್ಕದ ಸೀಟಿನಲ್ಲಿ ಕೂತು, ಅಸಲಿ ಕೋವಿಯನ್ನು ಸ್ಟ್ಯಾಂಡಿನಲ್ಲಿಟ್ಟು, ಒಣಹಳ್ಳದ ಕಲ್ಲುದಾರಿಯಲ್ಲಿ ಒಂದು ಸುತ್ತು ಹೋಗಿ ಬರಬೇಕು. ಅಡುಗೆ ಮಾಡಿದವನೇ ಮೊದಲು ಉಣ್ಣಲಿ ಎಂದು ಆ ಮುದುಕನ ವಾದ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಗಾಡಿಯೊಳಗೆ ಒಂದು ನಾಣ್ಯ ಸಡಿಲವಾಗಿ ಗಲಗಲ ಅಂದರೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಟ್ಯಾಕ್ಸಿಯಲ್ಲಿ ಹೋಗುವಾಗಲೂ ಡ್ಯಾಶ್‌ಬೋರ್ಡ್ ಒತ್ತಿ ನೋಡುತ್ತೇನೆಂದು ಗೆಳೆಯ ಗೇಲಿ ಮಾಡುತ್ತಾನೆ.

ಮೊದಲು ಸ್ಟ್ಯಾಂಡ್ ಎಂಬುದೇ ಇರಲಿಲ್ಲ. ಕಾವಲುಗಾರರು ಕೋವಿಯನ್ನು ಗೇರಿಗೂ ಪಕ್ಕದ ಸೀಟಿಗೂ ನಡುವೆ ನಿಲ್ಲಿಸುತ್ತಿದ್ದರು. ಹಿಂಭಾಗ ನೆಲದ ಮೇಲೆ, ಬಾಯಿ ಮೇಲಕ್ಕೆ. ನೆಲದಲ್ಲಿ ಮಲಗಿಸಿದರೆ ಮರಳು ತುಂಬುತ್ತದೆ, ಹಿಂದೆ ಇಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದಾರೋ ಅವರು ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿದುಕೊಳ್ಳುವುದು ವಾಡಿಕೆ. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಚೀಲವನ್ನು ಕಾಲಲ್ಲಿ ತಡೆಯುವುದಿಲ್ಲವೇ, ಹಾಗೆ. ಅದು ಕೋವಿ ಮುಟ್ಟಿದ ಲೆಕ್ಕವಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ನನ್ನ ಭಾವ, ಎಂದರೆ ಅಕ್ಕನ ಗಂಡ, ಮಹ್ಮಿಯಾದ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಬೇಸಿಗೆಯಲ್ಲಿ ಪ್ರಾಣಿಗಳಿಗೆಂದು ಅಲ್ಲಲ್ಲಿ ಕಟ್ಟಿದ ತೊಟ್ಟಿಗಳಿಗೆ ನೀರು ತುಂಬಿಸುವ ಕೆಲಸ. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವರೂ ಅವರೇ. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ನನ್ನ ಉದ್ಯೋಗ" ಎಂದು ತಮ್ಮನ್ನೇ ಹಂಗಿಸಿಕೊಳ್ಳುತ್ತಿದ್ದರು. ಹೊಯ್ದ ನೀರಿನಲ್ಲಿ ಅರ್ಧ ಬಿಸಿಲಿಗೆ, ಕಾಲುಭಾಗ ಒಂಟೆಗಳಿಗೆ, ಉಳಿದದ್ದು ಜಿಂಕೆಗಳಿಗಂತೆ. ಶುಕ್ರವಾರ ನಮಾಜು ಮುಗಿಸಿ ನಮ್ಮ ರೂಮಿಗೆ ಬಂದರೆ ಮೀನು ಸಾರು ಅವರದೇ ಕೈಯಡುಗೆ. ಬೇರೆಯವರು ಪಾತ್ರೆಗೆ ಸೌಟು ಹಾಕುವಂತಿರಲಿಲ್ಲ. ಹುಳಿ ಹೆಚ್ಚಾಯಿತು ಎಂದು ನಾನು ಪ್ರತಿ ವಾರ ತಕರಾರು ತೆಗೆಯುತ್ತಿದ್ದೆ, ಅವರು ಪ್ರತಿ ವಾರ ಅಷ್ಟೇ ಹುಳಿ ಹಾಕುತ್ತಿದ್ದರು.

ಒಂದು ದಿನ ಟ್ಯಾಂಕರಿನ ಪಂಪು ಕೈಕೊಟ್ಟಿತು. ಆ ದಾರಿಯಲ್ಲಿ ಬಂದ ಕಾವಲುಗಾರನೊಬ್ಬ ಅವರನ್ನು ತನ್ನ ಪಿಕಪ್ಪಿನಲ್ಲಿ ಹತ್ತಿಸಿಕೊಂಡ. ಒಣಹಳ್ಳ ದಾಟುವಾಗ ಗಾಡಿ ಹಾರಿತು, ನಿಲ್ಲಿಸಿದ್ದ ಕೋವಿ ಜಾರಿ ಬಿತ್ತು, ಬಿದ್ದ ಹೊಡೆತಕ್ಕೆ ಗುಂಡು ಹಾರಿತು. ಕೋವಿಯೊಳಗೆ ಗುಂಡು ಏರಿಸಿಯೇ ಇಟ್ಟಿದ್ದನಂತೆ, ಹಿಂದಿನ ವಾರ ಬೇಟೆಯವರು ಎದುರಾದದ್ದಕ್ಕೆ. ಆಸ್ಪತ್ರೆ ತಲುಪುವ ಮೊದಲೇ ಭಾವ ತೀರಿಕೊಂಡಿದ್ದರು.

ಫೋನು ಬಂದಾಗ ನಾನು ಪಾನ ಹಿಡಿದು ಒಂದು ಬಂಪರಿನ ಬೋಲ್ಟ್ ಬಿಗಿಯುತ್ತಿದ್ದೆ. ಕೇಳಿಸಿಕೊಂಡೆ, ಸರಿ ಎಂದೆ, ಉಳಿದ ಬೋಲ್ಟುಗಳನ್ನೂ ಬಿಗಿದೆ. ಗೆಳೆಯ ಬಂದು ಕೈಯಿಂದ ಪಾನ ಕಿತ್ತುಕೊಂಡ ಮೇಲೆಯೇ ಎದ್ದದ್ದು. ಮಯ್ಯತ್ತನ್ನು ಇಲ್ಲೇ ದಫನ ಮಾಡಿದೆವು. ಮಣ್ಣು ಹಾಕುವಾಗ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಪಕ್ಕದವನ ಚಪ್ಪಲಿಯ ಪಟ್ಟಿ ಹರಿದದ್ದು ಮಾತ್ರ ಸ್ಪಷ್ಟವಾಗಿ ಕಂಡಿತು. ಕೂತಲ್ಲೇ ಕಾಲು ಜೋಮು ಹಿಡಿದರೆ ಹೇಗಿರುತ್ತದೋ, ಇಡೀ ಮೈ ಹಾಗಿತ್ತು.

ಕಾವಲುಗಾರನನ್ನು ಪೊಲೀಸರು ಇಟ್ಟುಕೊಂಡಿದ್ದರು. ಸತ್ತವರ ವಾರಸುದಾರರು ಏನು ಹೇಳುತ್ತಾರೆ ಎಂದು ಕೇಳುವುದು ಇಲ್ಲಿನ ಕ್ರಮ. ಗಂಡ ತೀರಿಕೊಂಡವರು ಮನೆಯೊಳಗೇ ಉಳಿಯುವ ಇದ್ದತ್ ಊರಿನಲ್ಲಿ ಕೂತಿದ್ದ ಅಕ್ಕನಿಗೆ ನಾನೇ ಫೋನು ಮಾಡಿ ವಿಷಯ ತಿಳಿಸಿದೆ.

"ಅವನು ಬೇಕೂಂತ ಮಾಡಿದ್ದಾ?" ಎಂದು ಅಕ್ಕ ಕೇಳಿದಳು.

"ಇಲ್ಲ."

"ಅವನಿಗೆ ಮಕ್ಕಳುಂಟಾ?"

"ಉಂಟಂತೆ."

"ಹಾಗಾದ್ರೆ ಬಿಟ್ಟುಬಿಡ್ಲಿ. ಅವನನ್ನು ಒಳಗೆ ಹಾಕಿದ್ರೆ ನಿನ್ನ ಭಾವ ಎದ್ದು ಬರ್ತಾರಾ? ನಾನು ಮಾಫ್ ಮಾಡಿದ್ದೇನೆ, ಹೇಳು ಅವರಿಗೆ."

ಕಾನೂನಿನ ಕೆಲಸಗಳೆಲ್ಲ ತಮ್ಮ ಪಾಡಿಗೆ ನಡೆದವು. ಅವನು ಹೊರಗೆ ಬಂದ, ಕೆಲಸಕ್ಕೂ ಮರಳಿದ. ನಿನಗೆ ಹೇಗನ್ನಿಸುತ್ತದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ. ಹೆಂಡತಿಯ ತಮ್ಮ ವಾರಸುದಾರನಲ್ಲ.

ಆಮೇಲೆ ಮಹ್ಮಿಯಾದ ಎಲ್ಲ ಗಾಡಿಗಳಿಗೂ ಕೋವಿಯ ಸ್ಟ್ಯಾಂಡ್ ಹಾಕಿಸಬೇಕೆಂದು ಆದೇಶವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೆಲಸ ನಮ್ಮ ಗ್ಯಾರೇಜಿಗೇ ಬಂತು. ಕಫೀಲ ನನ್ನನ್ನು ಕರೆದು, ಬೇಡವಾದರೆ ಬೇರೆಯವರಿಂದ ಮಾಡಿಸುತ್ತೇನೆ ಎಂದ. ನಾನೇ ಮಾಡುತ್ತೇನೆ ಎಂದೆ. ಇದರಲ್ಲಿ ದೊಡ್ಡತನವೇನೂ ಇಲ್ಲ. ಬೇರೆಯವರು ಬೋಲ್ಟನ್ನು ಬರೀ ತಗಡಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅಡಿಯ ಚಾಸಿಗೆ ಹೋಗಿ ಹಿಡಿಯದ ಬೋಲ್ಟು ಒಂದು ಬೇಸಿಗೆ ಬಾಳುವುದಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದಾದ ಮೇಲೊಂದು ಗಾಡಿಗಳು ಬರುತ್ತಿದ್ದಾಗಲೇ ಆ ಕಾವಲುಗಾರನದೂ ಒಂದು ದಿನ ಬರುತ್ತದೆಂದು ಗೊತ್ತಿತ್ತು. ಬಂತು. ನನ್ನದೇ ವಯಸ್ಸಿನ ಮನುಷ್ಯ, ನರೆತ ಗಡ್ಡ, ಸಣ್ಣಗೆ ಕುಂಟುತ್ತಾನೆ. ಗಾಡಿಯಿಂದಿಳಿದು ನೇರ ನನ್ನ ಹತ್ತಿರ ಬಂದು ನಿಂತ.

"ನೀನು ಅವನ ಹೆಂಡತಿಯ ತಮ್ಮ" ಎಂದ ಅರಬಿಯಲ್ಲಿ.

"ಹೌದು."

"ನಿನ್ನ ಅಕ್ಕ ನನ್ನನ್ನು ಕ್ಷಮಿಸಿದಳು. ಅವಳ ಮುಖ ನಾನು ನೋಡಿಲ್ಲ. ನಿನ್ನ ಮುಖ ಇಲ್ಲಿದೆ. ನೀನೂ ಹೇಳದೆ ನನಗೆ ಸಮಾಧಾನವಿಲ್ಲ."

"ಕೋವಿ ಮೇಜಿನ ಮೇಲಿಡು" ಎಂದೆ.

ಅಳತೆ ತೆಗೆದೆ. ಅದು ಬೇರೆ ಕೋವಿ, ಹಳೆಯದನ್ನು ಸರಕಾರ ಇಟ್ಟುಕೊಂಡಿತ್ತು. ಗಾಡಿ ಮಾತ್ರ ಅದೇ. ಪಕ್ಕದ ಸೀಟಿಗೆ ಹೊಸ ಕವರು ಹಾಕಿಸಿದ್ದ. ಚಾವಣಿಯಲ್ಲಿ ಒಂದು ತೂತನ್ನು ಮೇಣದಂಥದ್ದೇನೋ ತುಂಬಿ ಮುಚ್ಚಿದ್ದರು, ಮೇಲೆ ಬಣ್ಣ ಬಳಿದಿದ್ದರು. ಕೆಟ್ಟ ಕೆಲಸ. ಮಳೆ ಬಂದರೆ ಸೋರುತ್ತದೆ ಎಂದೇ ನನಗೆ ಮೊದಲು ಹೊಳೆದದ್ದು. ಅವನ ಮೇಲೆ ದ್ವೇಷವಿತ್ತು ಎಂದರೆ ಸುಳ್ಳಾದೀತು, ಕನಿಕರವಿತ್ತು ಎಂದರೂ ಸುಳ್ಳೇ. ಚಾಪೆ ಎತ್ತಿ, ನೆಲ ಕೊರೆದು, ಗಾಡಿಯ ಕೆಳಗೆ ಮಲಗಿ ಚಾಸಿಗೆ ಪಟ್ಟಿ ಕೊಟ್ಟು ಬೋಲ್ಟ್ ಹಾಕಿದೆ. ಕೋವಿಯ ಹಿಂಭಾಗ ಕೂರುವ ಬಟ್ಟಲಿಗೆ ದಪ್ಪ ರಬ್ಬರು, ಮೇಲೆ ಬೀಗದ ಕೊಂಡಿ. ಎಲ್ಲ ಗಾಡಿಗೂ ಹಾಕಿದಂಥದ್ದೇ.

ಸುತ್ತು ಹೋಗುವ ಹೊತ್ತಾದಾಗ ಗೆಳೆಯ ಅಡ್ಡ ಬಂದ. "ನೀನು ಕೂರುವುದು ಬೇಡ ಮಾರಾಯ, ನಾನು ಹೋಗಿ ಬರ್ತೇನೆ. ಕಫೀಲ ಎಂತದೂ ಹೇಳುವುದಿಲ್ಲ."

"ಕೂರಿಸಿದ್ದು ನಾನಲ್ವಾ" ಎಂದು ಹತ್ತಿ ಕೂತೆ.

ಕಾವಲುಗಾರ ಕೋವಿಯನ್ನು ಸ್ಟ್ಯಾಂಡಿನಲ್ಲಿಟ್ಟು ಬೀಗ ಹಾಕಿದ. ಪೇಟೆ ದಾಟಿ ಗುಡ್ಡದ ಬುಡದ ಒಣಹಳ್ಳಕ್ಕೆ ಇಳಿದೆವು. ಅಲ್ಲಿ ಮಾಮೂಲಿನಂತೆ ಜೋರಾಗಿ ಓಡಿಸು ಎಂದೆ. ಗಾಡಿ ಕಲ್ಲಿನಿಂದ ಕಲ್ಲಿಗೆ ಹಾರಿತು, ನನ್ನ ತಲೆ ಒಮ್ಮೆ ಚಾವಣಿಗೆ ತಾಗಿತು. ಕೋವಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೂ ನನ್ನ ಎಡ ಮೊಣಕಾಲು ತಾನಾಗಿ ಹೋಗಿ ಅದನ್ನು ಒತ್ತಿ ಹಿಡಿದಿತ್ತು. ಬಿಡಿಸಿಕೊಳ್ಳಲು ನೋಡಿದರೆ ಕಾಲು ಮಾತು ಕೇಳಲಿಲ್ಲ. ಅದನ್ನು ಅವನೂ ನೋಡಿದ. ಹಳ್ಳದ ನಡುವೆ ಗಾಡಿ ನಿಲ್ಲಿಸಿದ.

"ಅವನೂ ಹಾಗೇ ಹಿಡಿದಿದ್ದ" ಎಂದ, ಮುಂದೆ ನೋಡುತ್ತಲೇ. "ಮೀನು ಕತ್ತರಿಸುವುದು ಹೇಗೆಂದು ಎರಡೂ ಕೈಯಲ್ಲಿ ತೋರಿಸುತ್ತಿದ್ದ. ನಾನು ನಗುತ್ತಿದ್ದೆ. ನಗುತ್ತ ಹಳ್ಳ ನೋಡಲಿಲ್ಲ. ನನ್ನನ್ನು ಯಾವಾಗಲೂ ಮಾರಾಯ ಎಂದು ಕರೆಯುತ್ತಿದ್ದ. ಹಾಗೆಂದರೇನು ಎಂದು ನಾನು ಕೇಳಿಯೇ ಇರಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, "ಸಾಮಿಹ್ನಿ" ಎಂದ. ನನ್ನನ್ನು ಕ್ಷಮಿಸು.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ಗೊತ್ತು. ಅಲ್ಲಾಹು ಕ್ಷಮಿಸಲಿ ಎನ್ನಬೇಕು, ಭುಜ ಮುಟ್ಟಬೇಕು. ಅಕ್ಕ ಅಷ್ಟು ದೂರದಿಂದ, ಮುಖ ನೋಡದೆ, ಒಂದೇ ಮಾತಿನಲ್ಲಿ ಮಾಡಿ ಮುಗಿಸಿದ್ದಳು. ನಾನು ಬಾಯಿ ತೆರೆದೆ. ಅಷ್ಟು ತಿಂಗಳುಗಳಲ್ಲಿ ಮೊದಲ ಬಾರಿಗೆ ಒಳಗೇನೋ ಅಲುಗಿತು. ಅದು ಸಿಟ್ಟು. ಭಾವನ ಮೇಲೆ, ಅವರ ಎರಡು ಕೈಗಳ ಮೇಲೆ, ಇವನ ನಗುವಿನ ಮೇಲೆ, ಏರಿಸಿಟ್ಟ ಆ ಒಂದು ಗುಂಡಿನ ಮೇಲೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

"ನನ್ನಿಂದ ಆಗುವುದಿಲ್ಲ" ಎಂದೆ. "ಅಕ್ಕನದ್ದನ್ನು ಅಕ್ಕ ಕೊಟ್ಟಳು. ನನ್ನ ಹತ್ತಿರ ಕೊಡಲಿಕ್ಕೆ ಇನ್ನೂ ಬಂದಿಲ್ಲ. ಬಂದರೆ ಹೇಳುತ್ತೇನೆ."

"ಅದು ನಿನ್ನ ಹಕ್ಕು" ಎಂದು ಅವನು ಗಾಡಿ ತಿರುಗಿಸಿದ. ವಾಪಸು ಬರುವಾಗ ಪ್ರತಿ ಕಲ್ಲನ್ನೂ ಬಳಸಿಕೊಂಡು, ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ ನಿಧಾನವಾಗಿ ಓಡಿಸಿದ. ಸಿಟ್ಟು ಗ್ಯಾರೇಜು ತಲುಪುವಷ್ಟರಲ್ಲಿ ಇಳಿದುಹೋಗಿತ್ತು. ಮತ್ತೆ ಅದೇ ಜೋಮು.

ಅಕ್ಕನಿಗೆ ಇದನ್ನು ಹೇಳಿದಾಗ ಬೈಯುತ್ತಾಳೆ ಎಂದುಕೊಂಡಿದ್ದೆ. "ಸುಳ್ಳು ಹೇಳ್ಲಿಲ್ಲ ಅಲ್ಲ, ಅಷ್ಟು ಸಾಕು" ಎಂದಳು. ತಾನೂ ಸುಳ್ಳು ಹೇಳಿಲ್ಲ ಎಂದು ಅವಳು ಸೇರಿಸಲಿಲ್ಲ. ಅವಳ ಮಾಫಿ ಎಷ್ಟು ನಿಜ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಸ್ಟ್ಯಾಂಡುಗಳನ್ನು ಆಗಾಗ ಪರೀಕ್ಷೆ ಮಾಡಿಸಬೇಕು. ಮಿಕ್ಕ ಗಾಡಿಗಳನ್ನು ಈಗ ಗೆಳೆಯನೂ ನೋಡಿಕೊಳ್ಳುತ್ತಾನೆ. ಆ ಕಾವಲುಗಾರನ ಗಾಡಿಯನ್ನು ಮಾತ್ರ ನಾನು ಯಾರ ಕೈಗೂ ಬಿಡುವುದಿಲ್ಲ. ಬರುತ್ತಾನೆ, ಸಲಾಂ ಹೇಳುತ್ತಾನೆ, ಬೀಗದ ಕೈ ಕೊಡುತ್ತಾನೆ. ನಾನು ಗಾಡಿಯ ಕೆಳಗೆ ಮಲಗುತ್ತೇನೆ. ಆಮೇಲೆ ಇಬ್ಬರೂ ಹಳ್ಳಕ್ಕೆ ಹೋಗಿ ಬರುತ್ತೇವೆ. ಕ್ಷಮಿಸಿದೆಯಾ ಎಂದು ಅವನು ಮತ್ತೆ ಕೇಳಿಲ್ಲ, ನಾನು ಹೇಳಿಯೂ ಇಲ್ಲ. ಕಳೆದ ಸಲ ಪಾನ ಹಾಕಿ ನೋಡಿದರೆ ಎಲ್ಲಿಯೂ ಏನೂ ಸಡಿಲವಾಗಿರಲಿಲ್ಲ. ಪರೀಕ್ಷೆಯ ಸಮಯವೂ ಇನ್ನೂ ಆಗಿರಲಿಲ್ಲ. ಆದರೂ ಅವನು ಗಾಡಿ ತಂದಿದ್ದ. ಆದರೂ ನಾನು ಎಲ್ಲ ಬೋಲ್ಟುಗಳನ್ನೂ ಬಿಚ್ಚಿ, ಮತ್ತೆ ಮೊದಲಿನಿಂದ ಬಿಗಿದೆ.