ಗುರುವಾರದ ನೀರು

ಬಸ್ಸಿನ ಕಿಟಕಿ ಪಕ್ಕ ಕೂತರೆ ನನಗೊಂದು ಚಟ ಶುರುವಾಗುತ್ತದೆ: ಕಂಡವರ ಹೊಲದಲ್ಲಿ ಮನೆ ಕಟ್ಟುತ್ತೇನೆ. ಚಿಕ್ಕೋಡಿಯಿಂದ ನಿಪ್ಪಾಣಿ ಮುಟ್ಟುವುದರೊಳಗೆ ಹತ್ತಾರು ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ, ಅಂಗಳದಲ್ಲಿ ಚಹಾ ಕುಡಿದು ಇಳಿದಿರುತ್ತೇನೆ. ಬಾಡಿಗೆ ಮನೆಯ ಹೈಸ್ಕೂಲ್ ಮಾಸ್ತರನಿಗೆ ಇದಕ್ಕಿಂತ ಅಗ್ಗದ ಚಟ ಇನ್ನೊಂದಿಲ್ಲ.

ಒಂದು ದಿನ ಅದು ನಿಜವಾಗಿಬಿಟ್ಟಿತು. ಬೇಡಕಿಹಾಳದ ಹತ್ತಿರ ಬಾಬು ಕಾಕಾ ಎಂಬ ಹಿರಿಯರು, ಕಬ್ಬಿನ ನಡುವೆ ಬೀಳುಬಿದ್ದಿದ್ದ ತಮ್ಮ ಹನ್ನೊಂದು ಗುಂಟೆ ಮಾರುವವರಿದ್ದರು. ತೋರಿಸಲು ಬಂದ ದಲ್ಲಾಳಿ ಮಣ್ಣಿನ ಕಡೆ ನೋಡಲೇ ಇಲ್ಲ. ಅವನ ಕಣ್ಣೆಲ್ಲ ಭವಿಷ್ಯದ ಮೇಲೆ. “ಇಲ್ಲಿ ರಸ್ತೆ ಅಗಲ ಆಗತೈತ್ರಿ ಮಾಸ್ತರ, ಅಲ್ಲಿ ಕಾಂಪ್ಲೆಕ್ಸ್ ಬರ್ತೈತಿ. ಈಗ ತಗೊಂಡಾವನ ರಾಜಾ” ಎಂದ. ನಾನು ನೋಡುತ್ತಿದ್ದದ್ದು ಪಕ್ಕದ ಬದನೆ ಮಡಿಗಳನ್ನು. ಇಂಥ ನೆರೆ ಇರುವಾಗ ಕಾಂಪ್ಲೆಕ್ಸ್ ಯಾರಿಗೆ ಬೇಕು?

ಆ ಹೊಲಕ್ಕೆ ಸುತ್ತಲಿನವರೆಲ್ಲರ ಕೂಡುಬಾವಿಯಲ್ಲಿ ವಾರಕ್ಕೊಂದು ದಿನದ ನೀರಿನ ಪಾಳಿ ಇತ್ತು. ಯಾರ ಪಾಳಿ ಯಾವ ದಿನ ಎಂಬುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಬಾಬು ಕಾಕಾನದು ಗುರುವಾರ. “ಮನಿ ಕಟ್ಟಾವ್ರಿಗೆ ಬಾವಿ ನೀರ ಯಾಕ್ರಿ? ಖರೀದಿ ಪತ್ರದಾಗ ಪಾಳಿ ಬರಿಸೂದು ಬ್ಯಾಡ ಬಿಡ್ರಿ” ಎಂದರು ಕಾಕಾ. ಕೂಡಲೇ ನನ್ನೊಳಗಿನ ಪಂಡಿತ ಎದ್ದು ಕೂತ. ಹಳೆಯ ಶಾಸನಗಳಲ್ಲಿ ಅರಸರು ಭೂಮಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಎಲ್ಲವನ್ನೂ ಹೆಸರಿಸಿ ಕೊಡುತ್ತಿದ್ದರು. ಇಂದಿನ ಖರೀದಿ ಪತ್ರಗಳಲ್ಲೂ ಆ ಶಬ್ದಗಳು ಜಾಗ ಬಿಟ್ಟು ಕದಲಿಲ್ಲ. ಅರಸರ ಕಾಲದಿಂದ ಬಂದ ಜಲವನ್ನು ನಾನು ಬಿಡುವುದೇ? ಹಟ ಹಿಡಿದು ಗುರುವಾರವನ್ನೂ ಬರೆಸಿದೆ. ನಿಧಿ ಮಾತ್ರ ಇನ್ನೂ ಸಿಕ್ಕಿಲ್ಲ.

ಆಮೇಲೆ ತಿಳಿಯಿತು. ಆ ಬದನೆ ಮಡಿಗಳು ಪಕ್ಕದ ಹೊಲದ ಸುಶೀಲಕ್ಕ ಎಂಬವರವು. ಅವರ ಸಂಸಾರ ನಡೆಯುವುದೇ ಆ ತರಕಾರಿಯಿಂದ. ಅವರಿಗೆ ಬಾವಿಯಲ್ಲಿ ಪಾಳಿಯೇ ಇಲ್ಲ. ಕಾಕಾ ಬೇಸಾಯ ಬಿಟ್ಟಾಗಿನಿಂದ ಅವರ ಗುರುವಾರದ ನೀರನ್ನೇ ಅಕ್ಕ ಹಾಯಿಸಿಕೊಳ್ಳುತ್ತಿದ್ದರು. ನಾನು ಬರೆಸದಿದ್ದರೆ ಅದು ಸುಮ್ಮನೆ ಅಕ್ಕನಿಗೇ ಉಳಿಯುತ್ತಿತ್ತು. ಕಾಕಾ ಬಯಸಿದ್ದು ಅದನ್ನೇ. ಬಿಡಿಸಿ ಹೇಳುವುದು ಅವರ ಸ್ವಭಾವವಲ್ಲ.

ಖರೀದಿಯಾದ ಮೂರನೆಯ ಗುರುವಾರ ಹೊಲಕ್ಕೆ ಹೋದಾಗ ಬದನೆ ಗಿಡಗಳು ಎಲೆ ಇಳಿಬಿಟ್ಟಿದ್ದವು. ಬಾವಿಯಲ್ಲಿ ನೀರಿತ್ತು, ಮೋಟಾರು ಸುಮ್ಮನಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

“ಅಕ್ಕಾರ, ನೀರ ಹಾಯಿಸ್ಕೋರಿ” ಎಂದೆ.

“ಕಾಕಾ ನಮ್ಮವರು, ಅವರದ ತಗೊಂಡ್ನಿ. ಈಗ ಪಾಳಿ ನಿಮ್ಮ ಹೆಸರೀಲೆ ಐತಿ. ಪುಕ್ಕಟೆ ನೀರ ನಮಗ ಬ್ಯಾಡ್ರಿ ಮಾಸ್ತರ.”

ಇಷ್ಟು ವರ್ಷ ಪಾಠ ಹೇಳಿದವನಿಗೆ ಕೇಳಿಕೊಳ್ಳುವುದು ಗೊತ್ತಿರಲಿಲ್ಲ, ಅಂದು ಕಲಿತೆ. “ಈ ವರ್ಷ ಮನಿ ಕಟ್ಟಾಕ ಆಗಂಗಿಲ್ರಿ. ಖಾಲಿ ಬಿಟ್ರ ಕಸ ಬೆಳಿತೈತಿ. ನನ್ನ ಹೊಲಾ, ನೀರಿನ ಸಮೇತ, ನೀವ ಪಾಲಿಗೆ ಮಾಡ್ರಿ” ಎಂದೆ. ಪಾಲಿಗೆ ಮಾಡುವುದೆಂದರೆ ಬೆಳೆದದ್ದನ್ನು ಹಂಚಿಕೊಳ್ಳುವುದು. ಅದರಲ್ಲಿ ದಾನದ ಸೋಂಕಿಲ್ಲ.

ಸುಶೀಲಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಅರ್ಧಾ ಕೊಡಂಗಿಲ್ಲ. ಮೂರರಾಗ ಒಂದ ಪಾಲ ನಿಮ್ದು. ಮತ್ತ ರವಿವಾರ ಕಳೆ ತಗ್ಯಾಕ ಬರಬೇಕು!” ನಾನು ಒಪ್ಪುವ ಮೊದಲೇ ಮೋಟಾರು ಹಾಕಿದರು. ನೀರು ಮೊದಲು ಅವರ ಬದನೆಗೆ ಹೋಯಿತು, ಆಮೇಲೆ ನನ್ನ ಹೊಲಕ್ಕೆ.

ರವಿವಾರಗಳಲ್ಲಿ ನಾನು ಕಿತ್ತ ಕಳೆಯಲ್ಲಿ ಅರ್ಧ ಸುಶೀಲಕ್ಕ ಬಿತ್ತಿದ ಮೆಂತ್ಯೆಯೇ ಇರುತ್ತಿತ್ತು. “ಇರಲಿ ಬಿಡ್ರಿ, ನಿಮ್ಮ ಪಾಲಿಂದ ನೀವ ಕಿತ್ತೀರಿ” ಎಂದು ಅವರು ನಕ್ಕರೆ, ಜೊತೆಗೆ ಬರುತ್ತಿದ್ದ ನನ್ನ ಹೆಂಡತಿ ಅವರಿಗಿಂತ ಜೋರಾಗಿ ನಗುತ್ತಿದ್ದಳು.

ಈ ವರ್ಷ ಎಂಜಿನಿಯರು ಮನೆಯ ನಕ್ಷೆ ತಂದು ಬದುವಿನ ಮೇಲೆ ಹರಡಿದರು. ಸುಶೀಲಕ್ಕ ಬಗ್ಗಿ ನೋಡಿದರು. “ಅಡಗಿಮನಿ ಬಾಗಲಾ ನಮ್ಮ ಮಡಿ ಕಡೆ ಇಡ್ರಿ. ಉಪ್ಪ ತೀರಿದ್ರ ಒಬ್ರಿಗೊಬ್ರು ಕರಿಯಾಕ ಬರ್ತೈತಿ.” ವಾಸ್ತು ಕೆಡುತ್ತದೆಂದು ಎಂಜಿನಿಯರು ಮುಖ ಸಿಂಡರಿಸಿದರು. ನನ್ನ ಹೆಂಡತಿ ಅವರ ಪೆನ್ಸಿಲು ಇಸಿದುಕೊಂಡು ಬಾಗಿಲನ್ನು ತಾನೇ ಬರೆದಳು.

ಮನೆಗೆ ಇನ್ನೂ ಒಂದು ಗೋಡೆಯೂ ಎದ್ದಿಲ್ಲ. ಆದರೆ ಆ ಬಾಗಿಲಿನಿಂದ ಸುಶೀಲಕ್ಕ ಆಗಲೇ ಒಳಗೆ ಹೊರಗೆ ಓಡಾಡುತ್ತಿದ್ದಾರೆ.