ಕೊನೆಯ ನುಡಿಯ ಮಲಕಪ್ಪ

ಬಾದಾಮಿಯ ಗೌತಮನ ಹೆಸರು ಕಿವಿಗೆ ಬಿದ್ದರೆ ಸಾಕು, ಮರೋಳದ ಮಲಕಪ್ಪನಿಗೆ ಉಂಡ ರೊಟ್ಟಿ ಮೈಗೆ ಹತ್ತುತ್ತಿರಲಿಲ್ಲ. ಈಗಷ್ಟೇ ಮೀಸೆ ಚಿಗುರಿದ ಹುಡುಗ, ಮೊಬೈಲಿನಲ್ಲಿ ಲಕ್ಷಗಟ್ಟಲೆ ಜನ ಕೇಳುವ ಗಾಯಕ. ಅದೂ ಹೋಗಲಿ, ಅವನು ಹಾಡಿ ಹೆಸರು ಮಾಡಿದ್ದು ಮಲಕಪ್ಪನದೇ ಹಾಡು. ಈಗ ಬಾಗಲಕೋಟೆಯಲ್ಲಿ ಅವನಿಗೆ ಸನ್ಮಾನವಂತೆ, ಯಾವ ಆಡಿಯೊ ಕಂಪನಿಯ ಹಂಗೂ ಇಲ್ಲದೆ ತಾನೇ ಹಾಡು ಹೊರತಂದ ಜಿಲ್ಲೆಯ ಮೊದಲ ಕಲಾವಿದನೆಂದು!

ಮೊದಲನೆಯವನಂತೆ, ಮಣ್ಣು! ಈ ಹುಡುಗನ ಅಪ್ಪ ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದಾಗಲೇ ಮಲಕಪ್ಪ ಆ ಕೆಲಸ ಮಾಡಿ ಮುಗಿಸಿದ್ದ.

ಆಗ ಕ್ಯಾಸೆಟ್ ಕಾಲ. ಈ ಸೀಮೆಯ ಹಾಡುಗಳ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಹಾಡು ಕಟ್ಟಿದವನ ಊರು, ಹೆಸರು ಬರಲೇಬೇಕು. ಕ್ಯಾಸೆಟ್ ಕಂಪನಿಯವನೊಬ್ಬ ಹಾಡು ಕೇಳಿ, "ಚಲೋ ಐತಿ. ಆದ್ರ ಕೊನೀ ನುಡಿ ಕತ್ತರಸು. ಮರೋಳದ ಮಲಕಪ್ಪ ಯಾರಿಗೆ ಬೇಕು?" ಅಂದ. ಮಲಕಪ್ಪನ ಪಿತ್ತ ನೆತ್ತಿಗೇರಿತು. ನೆಟ್ಟಗೆ ಇಳಕಲ್ಲಿಗೆ ಹೋಗಿ, ರೇಡಿಯೊ ರಿಪೇರಿಯ ಜಾಫರಸಾಬನಿಗೆ ಗಂಟುಬಿದ್ದ. ಓಣಿ ತುಂಬ ಸೀರೆ ಮಗ್ಗಗಳ ಸದ್ದು. ನೇಕಾರರು ಮಗ್ಗ ನಿಲ್ಲಿಸುವ ಅಮಾವಾಸ್ಯೆಗೆ ಕಾದು, ಅಂಗಡಿಯ ಬಾಗಿಲು ಹಾಕಿಕೊಂಡು ಕ್ಯಾಸೆಟ್ಟಿಗೆ ಹಾಡು ತುಂಬಿಸಿದರು. ಆ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ಹೊತ್ತು ಹುನಗುಂದದ ಬಸ್ ನಿಲ್ದಾಣದಲ್ಲಿ, ಕೂಡಲಸಂಗಮದ ಅಂಗಡಿಗಳಲ್ಲಿ ತಾನೇ ಮಾರಿದ. ಆಮೇಲೆ ಕ್ಯಾಸೆಟ್ಟಿನ ಕಾಲವೇ ಮುಗಿಯಿತು. ಮಲಕಪ್ಪ ಹೊಲಕ್ಕೆ ಮರಳಿದ, ಜನ ಅವನನ್ನು ಮರೆತರು; ಹಾಡು ಮಾತ್ರ ಬಾಯಿಂದ ಬಾಯಿಗೆ ಉಳಿಯಿತು.

ಸನ್ಮಾನದ ದಿನ ಅವನು ಇಸ್ತ್ರಿ ಅಂಗಿ ತೊಟ್ಟದ್ದನ್ನು ಕಂಡು ಹೆಂಡತಿ ಸುಂದರವ್ವ, "ಹೊಟ್ಟಿ ಉರಕೊಂಡು ಎಲ್ಲಿಗೆ ಹೊಂಟ್ರಿ?" ಎಂದಳು.

"ಮೊಬೈಲಿನಾಗ ಎರಡ ನುಡಿ ಅಷ್ಟ ಹಾಕ್ಯಾನ. ಕೊನೀ ನುಡಿಯಾಗ ನನ್ನ ಹೆಸರ ತಗದು ತನ್ನ ಹೆಸರ ತುರಕಿರ್ತಾನ. ಎಲ್ಲಾರ ಮುಂದ ಹಿಡೀತೇನಿ ಮಗನ್ನ!"

ಸಭಾಂಗಣ ಕಿಕ್ಕಿರಿದಿತ್ತು. ಗೌತಮ ಹಾಡತೊಡಗಿದ. ಹುಡುಗನ ಗಂಟಲು ತನ್ನದಕ್ಕಿಂತ ಚೆನ್ನಾಗಿದೆ ಎಂಬುದು ಮೊದಲ ಸಾಲಿಗೇ ಗೊತ್ತಾಗಿ ಮಲಕಪ್ಪನಿಗೆ ಇನ್ನಷ್ಟು ಉರಿಯಿತು. ಕೊನೆಯ ನುಡಿ ಬಂದಾಗ ಕೂಗಲೆಂದೇ ಎದ್ದು ನಿಂತ. ಆದರೆ ಹುಡುಗ ಕಣ್ಣು ಮುಚ್ಚಿ, ಮರೋಳ ಎಂಬ ಊರನ್ನೂ ಮಲಕಪ್ಪ ಎಂಬ ಹೆಸರನ್ನೂ ಎಳೆದೆಳೆದು ಹಾಡಿ ಕೈ ಮುಗಿದ. ಪಕ್ಕದಲ್ಲಿದ್ದವರೂ ಕೈ ಮುಗಿದರು. ಕೂಗಲೆಂದು ಎದ್ದಿದ್ದ ಮಲಕಪ್ಪ ಮತ್ತೆ ಕುರ್ಚಿಯಲ್ಲಿ ಕೂತ.

ಕಾರ್ಯಕ್ರಮ ಮುಗಿದ ಮೇಲೆ ಜನರನ್ನು ಸರಿಸಿಕೊಂಡು ಹುಡುಗನ ಹತ್ತಿರ ಹೋದ. "ತಮ್ಮಾ, ಆ ಮಲಕಪ್ಪ ಯಾರಂತ ಗೊತ್ತೇನು?" 'ನಾನ ಆ ಮಲಕಪ್ಪ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಯಾರೋ ಹಿಂದಿನ ಶರಣರಂತ್ರಿ, ಅಜ್ಜಾರ," ಎಂದು ಗೌತಮ ನಕ್ಕ. "ಖರೆ ಹೇಳ್ತೇನಿ, ಅಲ್ಲಿ ನನ್ನ ಹೆಸರ ಹಾಕಬೇಕಂತ ಭಾಳ ಆಸೆ ಇತ್ತು. ಬದುಕಿದ್ದಾವ ಆಗಿದ್ರ ತಗದ ಬಿಡ್ತಿದ್ದೆ. ಲಿಂಗೈಕ್ಯ ಆದವರ ಹೆಸರ ಅಳಸಿದ್ರ ಪಾಪ ಬರತೈತಿ ಅಂತ ನಮ್ಮವ್ವ ಬಿಡಲಿಲ್ಲ."

ಹಾಗಾದರೆ ಜನ ಕೈ ಮುಗಿದದ್ದು ಈ ಬದುಕಿರುವ ಮಲಕಪ್ಪನಿಗಲ್ಲ, ಯಾವನೋ ಸತ್ತ ಮಲಕಪ್ಪನಿಗೆ. ಹುಡುಗನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಈಗ ಆ ಸತ್ತವನ ಮೇಲೆ ತಿರುಗಿತು. ತಾನೇ ಮಲಕಪ್ಪ ಎಂದರೆ ಇವತ್ತು ಒಂದು ಹಾರ ಬಿದ್ದೀತು, ನಾಳೆಯಿಂದ ಹಾಡಿನಲ್ಲಿ ಹೆಸರು ಇರುವುದಿಲ್ಲ.

"ನಿಮ್ಮ ಹೆಸರೇನ್ರಿ, ಅಜ್ಜಾರ?" ಎಂದು ಗೌತಮ ಕೇಳಿದ.

"ರಾಚಯ್ಯ," ಎಂದ ಮಲಕಪ್ಪ.