ಅತ್ತಿಯ ಕೀಬೋರ್ಡಿನ ಸಪ್ಪಳ

ನಮ್ಮ ಕಚೇರಿಗೆ ಹೊಸದಾಗಿ ಬಂದ ಪ್ರಥಮೇಶ ಎಂಬ ಹುಡುಗ ಹೋದ ತಿಂಗಳು ತನ್ನ ಸ್ವಂತ ಕೀಬೋರ್ಡನ್ನು ಮನೆಯಿಂದ ಹೊತ್ತು ತಂದ. ಕಚೇರಿಯವರು ಕೊಟ್ಟದ್ದರಲ್ಲಿ ಬೆರಳಿಗೆ ರುಚಿಯೇ ಇಲ್ಲವಂತೆ. ಅವನು ಅದನ್ನು ಜೋಡಿಸಿ ಮೊದಲ ಸಾಲು ಹೊಡೆದಾಗ ನಾನು ಆಚೆ ಮೇಜಿನಲ್ಲಿ ಅವನಿಗೆ ಬೆನ್ನು ಮಾಡಿ ಕೂತಿದ್ದೆ. ಆ ಸಣ್ಣ, ಒಣಗಿದ, ಚೂಪಾದ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ತಿರುಗಿಯೂ ನೋಡದೆ ಒಳಗೆ ನೀಲಿ ಇದೆಯೇನು ಎಂದು ಕೇಳಿಬಿಟ್ಟೆ. ಮೇಡಮ್ಮರಿಗೂ ಈ ಹುಚ್ಚು ಇದೆ ಎಂದು ಅವನು ಹಿಗ್ಗಿಹೋಗಿ, ಒಂದು ಕೀಯ ಟೊಪ್ಪಿಗೆ ಕಿತ್ತು ಕೆಳಗಿನ ನೀಲಿ ಸ್ವಿಚ್ಚನ್ನು ತೋರಿಸಿದ. ಈಗಿನ ಹುಡುಗರು ಗುಜರಿಯಿಂದ ಹಳೆಯ ಕೀಬೋರ್ಡು ಹುಡುಕಿ ತಂದು, ಒಳಗಿನ ಸ್ವಿಚ್ಚು ಯಾವ ಬಣ್ಣದ್ದು, ಯಾವ ಕಾಲದ್ದು ಎಂದು ಒಬ್ಬರಿಗೊಬ್ಬರು ಫೋಟೋ ಕಳಿಸಿ ಗುರುತು ಹಿಡಿಯುತ್ತಾರಂತೆ. ಅವನಿಗೆ ಅದೊಂದು ಮೋಜು. ನನಗೆ ಮಾತ್ರ ಅವತ್ತಿನಿಂದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಸಪ್ಪಳ ನಡೆದಿರುವಷ್ಟು ಹೊತ್ತು ಚಿಂತೆಯಿಲ್ಲ. ನಿಂತಿತೋ, ನನ್ನ ಕೈಯೂ ನಿಲ್ಲುತ್ತದೆ. ಅವನು ಫೋನು ನೋಡುತ್ತ ಕೂತಿರುತ್ತಾನೆ, ಇಲ್ಲವೇ ಚಹಾಕ್ಕೆ ಎದ್ದು ಹೋಗಿರುತ್ತಾನೆ, ಅಷ್ಟೇ. ಆದರೂ ಒಮ್ಮೆ ತಿರುಗಿ ಅವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡದಿದ್ದರೆ ನನಗೆ ಉಸಿರು ಸರಾಗವಾಗುವುದಿಲ್ಲ.

ಈ ಅಂಜಿಕೆ ನನಗೆ ಅಂಟಿದ್ದು ಶಹಾಪುರದ ನಮ್ಮ ಮನೆಯಲ್ಲಿ. ಆ ಮನೆ ಈಗಿಲ್ಲ, ಅದರ ಜಾಗದಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಎದ್ದಿದೆ. ರೈಲು ಡಬ್ಬಿಯಂಥ ಉದ್ದನೆಯ ಮನೆ: ಬೀದಿಗೆ ಮುಂದಿನ ಖೋಲಿ, ಆಮೇಲೆ ಪಡಸಾಲೆ, ಕಟ್ಟಕಡೆಗೆ ಅಡುಗೆಮನೆ. ಎರಡೂ ಬಾಜುವಿನ ಮನೆಗಳಲ್ಲಿ ಪವರ್‌ಲೂಮುಗಳು. ಬೆಳಗಾದರೆ ಖಟಾಖಟ್ ಶುರುವಾಗಿ ನಮ್ಮ ಗೋಡೆ ಸಣ್ಣಗೆ ನಡುಗುತ್ತಿತ್ತು, ತಂಬಿಗೆಯ ನೀರಿನ ಮೇಲೆ ಗೆರೆ ಮೂಡುತ್ತಿದ್ದವು. ನೂಲಿನ ಗಂಜಿಯ ವಾಸನೆ, ಮಶೀನಿನ ಎಣ್ಣೆಯ ವಾಸನೆ, ಆಯಿ, ಅಂದರೆ ಅಪ್ಪನ ತಾಯಿ, ಬಡಿಯುವ ರೊಟ್ಟಿಯ ವಾಸನೆ ಮೂರೂ ಕೂಡಿ ಒಂದೇ ಆಗಿತ್ತು. ನೆಂಟರು ಬಂದರೆ ಒಂದು ತಾಸಿಗೇ ತಲೆ ಹಿಡಿದುಕೊಂಡು ಕೂಡುತ್ತಿದ್ದರು. ನಮಗೆ ಲೂಮಿನ ಸದ್ದು ಕೇಳಿಸುತ್ತಲೇ ಇರಲಿಲ್ಲ. ಅದರ ಅಡಿಯಲ್ಲಿ ಹರಿಯುವ ಇನ್ನೊಂದು ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿ ಬದುಕಿದವರು ನಾವು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದಿರಬೇಕು. ಯಾರದೋ ಕೆಮ್ಮು, ಯಾರದೋ ಚಪ್ಪಲಿಯ ಸಪ್ಪಳ. ಕೇಳುತ್ತಿರುವವರೆಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ.

ಮುಂದಿನ ಖೋಲಿ ಸುನಂದತ್ತಿಯದು. ಅಪ್ಪನ ತಂಗಿ, ಮದುವೆಯಾದವಳಲ್ಲ. ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಫಿಟ್ಸು. ಗುಳಿಗೆ ತಪ್ಪದೆ ನುಂಗಿದರೂ ಅದು ಹೇಳದೆ ಕೇಳದೆ ಬಂದು ಅವಳನ್ನು ಕೆಡವಿ ಹೋಗುತ್ತಿತ್ತು. ಒಲೆಯ ಮುಂದೆ ಕೂಡಬೇಡ, ಬಾವಿಯ ಕಡೆ ಹೋಗಬೇಡ, ಒಬ್ಬಳೇ ಪೇಟೆಗೆ ಹೊರಡಬೇಡ ಎನ್ನಿಸಿಕೊಂಡೇ ಬೆಳೆದವಳು. ಸ್ನಾನಕ್ಕೆ ಹೋದರೂ ಒಳಗಿನಿಂದ ಚಿಲಕ ಹಾಕುವ ಹಾಗಿರಲಿಲ್ಲ. ಅವಳಿಗೆಂದು ಇದ್ದದ್ದು ಆ ಖೋಲಿಯ ಮುಚ್ಚಿದ ಬಾಗಿಲೊಂದೇ. ಅದರ ಹಿಂದೆ ಕೂತು ಅವಳು ಪ್ರೆಸ್ಸಿನವರಿಗೆ ಲಗ್ನಪತ್ರಿಕೆ ಟೈಪು ಮಾಡಿಕೊಡುತ್ತಿದ್ದಳು, ಕನ್ನಡದಲ್ಲೂ ಮರಾಠಿಯಲ್ಲೂ ಅಷ್ಟೇ ಸಲೀಸಾಗಿ. ಗಂಡಿನ ಸೋದರಮಾವನ ಹೆಸರು ಕೆಳಗೆ ಬಿದ್ದರೆ ಲಗ್ನವೇ ಮುರಿದು ಬೀಳುವಷ್ಟು ರಂಪ ಆಗುತ್ತದೆ, ಅದಕ್ಕೇ ಬಾಗಿಲು ಹಾಕಿಕೊಳ್ಳುತ್ತೇನೆ ಎಂದು ಅವಳು ನೆವ ಹೇಳುತ್ತಿದ್ದಳು. ಖರೇ ಕಾರಣ ಎಲ್ಲರಿಗೂ ಗೊತ್ತಿತ್ತು.

ಅವಳ ಕೀಬೋರ್ಡು ಯಾವುದೋ ಕಚೇರಿಯವರು ಹೊರಗೆ ಹಾಕಿದ್ದು. ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುವವನು, ಕಂಪ್ಯೂಟರು ಬಂದ ಮೇಲೆ ಇವನ್ನೂ ಬಿಚ್ಚಲು ಕಲಿತಿದ್ದ. ಕಲ್ಲಿನಂಥ ತೂಕ. ಪ್ರತಿ ಕೀಯ ಕೆಳಗೂ ಒಂದೊಂದು ಸ್ಪ್ರಿಂಗು. ಒತ್ತಿದಾಗ ಅದು ನಡುವೆ ಬಾಗಿ ಟಕ್ಕೆಂದು ಸಿಡಿಯುತ್ತಿತ್ತು. ಆ ಸದ್ದು ಪಡಸಾಲೆ ದಾಟಿ, ಲೂಮಿನ ಖಟಾಖಟ್ ತೂರಿ ಅಡುಗೆಮನೆಗೆ ಬಂದು ಮುಟ್ಟುತ್ತಿತ್ತು. ಅಲ್ಲಿ ರೊಟ್ಟಿ ಬಡಿಯುವ ಆಯಿ ಬಾಯಲ್ಲಿ ನೂರು ಮಾತಾಡುತ್ತಿದ್ದರೂ ಕಿವಿಯನ್ನು ಮಾತ್ರ ಮುಂದಿನ ಖೋಲಿಯಲ್ಲೇ ಬಿಟ್ಟಿರುತ್ತಿದ್ದಳು. ಸದ್ದು ಸ್ವಲ್ಪ ಹೆಚ್ಚೇ ಹೊತ್ತು ನಿಂತರೆ ಹಿಟ್ಟಿನ ಕೈ ಹಾಗೇ ನಿಲ್ಲುತ್ತಿತ್ತು. ಓಡಿಹೋಗಿ ಬಾಗಿಲು ಬಡಿದರೆ ಅತ್ತಿಗೆ ಸಿಟ್ಟು. ಹಾಗಾಗಿ ಆಯಿ ಕೂತಲ್ಲಿಂದಲೇ ಕೂಗುತ್ತಿದ್ದಳು: "ಸುನಂದಾ, ಚಾ ಕುಡಿತೀಯೇನವಾ?" ಬೇಕು ಬೇಡ ಎಂದು ಏನಾದರೊಂದು ಉತ್ತರ ಬಂದರೆ ಮತ್ತೆ ರೊಟ್ಟಿಯ ಸದ್ದು ಶುರು. ಚಹಾದ ಮಾತು ಚಹಾದ್ದಲ್ಲವೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ.

ನಾನು ಪ್ರಾಥಮಿಕ ಶಾಲೆಯ ಕೊನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಸದ್ದು ನಿಂತಿತು, ಆಯಿ ಕೂಗಿದಳು, ಉತ್ತರ ಬರಲಿಲ್ಲ. ಅಪ್ಪ ಬಾಗಿಲು ದೂಡಿದಾಗ ಅತ್ತಿ ನೆಲದ ಮೇಲಿದ್ದಳು. ಅವಳಿಗೆ ಹುಬ್ಬಿನ ಹತ್ತಿರ ಸಣ್ಣ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ತುಂಬಿದ ಕಪ್ಪಿನ ಚಹಾ ಕೀಬೋರ್ಡಿನೊಳಗೆ ಇಳಿದಿತ್ತು. ಅಪ್ಪ ಅದನ್ನು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು ಏನೇನೋ ಮಾಡಿದ. ಒಳಗಿನ ತೆಳ್ಳನೆಯ ಹಾಳೆಗಳು ಅಂಟಿಕೊಂಡಿದ್ದವು, ಹಿಂದಿನ ಪ್ಲಾಸ್ಟಿಕ್ ಮೊಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಕೆಲಸ ನಿಲ್ಲಬಾರದೆಂದು ಅಂಗಡಿಯಿಂದ ಹೊಸದೊಂದು ತಂದ. ಹಗುರ, ನುಣುಪು, ಕೀಗಳ ಕೆಳಗೆ ರಬ್ಬರು. ಅತ್ತಿ ಎಷ್ಟೇ ಜೋರಾಗಿ ಹೊಡೆದರೂ ಅರಿವೆಯ ಮೇಲೆ ಬೆರಳು ಕುಟ್ಟಿದ ಹಾಗೆ.

ಅವತ್ತಿನಿಂದ ನಮ್ಮ ಮನೆಗೆ ನಿದ್ದೆ ನೆಮ್ಮದಿ ಇಲ್ಲವಾಯಿತು. ಅಡುಗೆಮನೆಯವರೆಗಿರಲಿ, ಪಡಸಾಲೆಗೂ ಸದ್ದು ಬರುತ್ತಿರಲಿಲ್ಲ. ಆಯಿ ಒಂದು ರೊಟ್ಟಿಗೆ ಒಂದು ಸಲ ಎದ್ದು, ನೋಯುವ ಮೊಳಕಾಲು ಎಳೆದುಕೊಂಡು ಮುಂದಿನ ಬಾಗಿಲತನಕ ಹೋಗಿ ಬರುತ್ತಿದ್ದಳು. ಹೆಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅವ್ವ ಕೈಗೆ ಕಸಬರಿಗೆ ಕೊಟ್ಟು ನನ್ನನ್ನು ಸುಮ್ಮಸುಮ್ಮನೆ ಆ ಖೋಲಿಗೆ ಅಟ್ಟುತ್ತಿದ್ದಳು. ಅತ್ತಿ ಬರಬರುತ್ತ ಮಾತು ಬಿಟ್ಟಳು. ಕಡೆಗೆ ಒಂದು ದಿನ ಆಯಿ ಪಡಸಾಲೆಯಲ್ಲಿ ನಿಂತು ತೀರ್ಪು ಕೊಟ್ಟಳು: "ಸಪ್ಪಳ ಇಲ್ಲಂದ್ರ ಬಾಗಲಾ ಹಾಕೂದು ಬ್ಯಾಡ. ಬಾಗಲಾ ಹಾಕೂದಾದ್ರ ಆ ಕೆಲಸಾನ ಬ್ಯಾಡ." ಅತ್ತಿ ಅಳಲಿಲ್ಲ. ಕಂಪ್ಯೂಟರಿನ ಮೇಲೆ ಅರಿವೆ ಹೊದಿಸಿ ಬಂದು ಆಯಿಯ ಮುಂದೆ ಕೂತಳು, ನೋಡಿಕೋ ಎನ್ನುವ ಹಾಗೆ. ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ.

ಖಾನಾಪುರದಲ್ಲಿ ಒಂದು ಹಂಚಿನ ಕಾರ್ಖಾನೆ ಮುಚ್ಚಿ, ಅದರ ಕಚೇರಿಯ ಸಾಮಾನೆಲ್ಲ ಗುಜರಿಗೆ ಬಿದ್ದಿದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಮುಂದಿನ ರವಿವಾರ ನನ್ನನ್ನೂ ಕರೆದುಕೊಂಡು ಬೆಳಗಿನ ರೈಲಿಗೆ ಹೊರಟ. ಆ ಊರಿನ ಮಳೆ ನಿಮಗೆ ಗೊತ್ತಿದ್ದರೆ ಸರಿ. ಜಾಂಬೋಟಿಯ ಕಡೆಯಿಂದ ಕಪ್ಪಗೆ ಬಂದು ನಿಂತರೆ ಎದುರಿನ ಮನೆ ಕಾಣುವುದಿಲ್ಲ. ಗುಜರಿಯವನ ತಗಡಿನ ಮಾಡಿನ ಮೇಲೆ ಅದು ಬೀಳುತ್ತಿದ್ದ ಅಬ್ಬರ ನಮ್ಮ ಲೂಮಿಗಿಂತ ಕಡಿಮೆ ಇರಲಿಲ್ಲ. ಗೋಣಿಚೀಲಗಳಲ್ಲಿ ಕೀಬೋರ್ಡುಗಳನ್ನು ಕಟ್ಟಿಗೆಯ ಹಾಗೆ ತುಂಬಿಟ್ಟಿದ್ದರು. ಅಪ್ಪ ಸೈಕಲ್ಲಿನ ಕಡ್ಡಿ ಬಗ್ಗಿಸಿ ಮಾಡಿಕೊಂಡಿದ್ದ ಕೊಕ್ಕೆಯಿಂದ ಒಂದೊಂದರ ಕೀಯನ್ನೂ ಎತ್ತಿ ಒಳಗೆ ಇಣುಕಿದ. ಮೇಲಿನಿಂದ ನೋಡಿದರೆ ಎಲ್ಲ ಒಂದೇ, ಗುಟ್ಟು ಒಳಗಿನ ಬಣ್ಣದಲ್ಲಿ. "ಇದು ಕರಿ, ಸುಮ್ನ ಇಳಿತೈತಿ. ಇದು ಚಾಕಲೇಟಿ, ಬೆರಳಿಗಷ್ಟ ತಿಳಿತೈತಿ. ನೀಲಿ ಸಿಕ್ರ ಬೆರಳಿಗೂ ತಿಳಿತೈತಿ, ಕಿವಿಗೂ ಕೇಳತೈತಿ," ಎಂದು ನನಗೆ ಹೇಳಿಕೊಟ್ಟ. ಒಂದಂತೂ ನಮ್ಮ ಸತ್ತುಹೋದ ಕೀಬೋರ್ಡಿನ ಅವಳಿಯ ಹಾಗೇ ಇತ್ತು, ಅದೇ ಬಣ್ಣ, ಅದೇ ತೂಕ. ಅಪ್ಪ ಅವಸರದಿಂದ ಕೊಕ್ಕೆ ಹಾಕಿದ. ಟೊಪ್ಪಿಗೆ ಎತ್ತಿದರೆ ಒಳಗೆ ರಬ್ಬರು.

ಮಧ್ಯಾಹ್ನದ ಹೊತ್ತಿಗೆ ಚೀಲದ ತಳದಲ್ಲಿ ನೀಲಿಯವು ಎರಡು ಸಿಕ್ಕವು, ಎರಡೂ ಅರ್ಧಂಬರ್ಧ ಸತ್ತವು. ಎರಡನ್ನೂ ಕೂಡಿಸಿ ಒಂದು ಮಾಡಬಹುದಿತ್ತು. ಆದರೆ ಅಪ್ಪನಿಗೆ ಬಣ್ಣದ ಮೇಲೆ ಪೂರ್ತಿ ಭರವಸೆಯಿಲ್ಲ. ನನ್ನನ್ನು ರಸ್ತೆಯಾಚೆಯ ಚಹಾದಂಗಡಿಯ ಮಾಡಿನ ಕೆಳಗೆ ನಿಲ್ಲಿಸಿದ, ನಮ್ಮ ಮುಂದಿನ ಖೋಲಿಗೂ ಅಡುಗೆಮನೆಗೂ ಅಷ್ಟೇ ದೂರವೆಂದು ಅವನ ಲೆಕ್ಕ. ತಾನು ಒತ್ತುತ್ತೇನೆ, ಕೇಳಿದರೆ ಕೈ ಎತ್ತು ಎಂದ. ಗುಜರಿಯವನು ಮರಾಠಿ ಮುದುಕ, ನಗುತ್ತ ಹೇಳಿದ: "ಮಂದಿ ಎಲ್ಲಾ ಆವಾಜ ಇಲ್ಲದ್ದ ಬೇಕಂತೈತ್ರಿ. ಆವಾಜ ಬೇಕಂತ ಬಂದವ್ರು ನೀವ ಒಬ್ಬರ." ನಾನು ಕಣ್ಣು ಮುಚ್ಚಿ ನಿಂತೆ. ಮಳೆ, ತಗಡು, ಚಹಾದಂಗಡಿಯ ಸ್ಟೋವು. ಕೇಳದಿದ್ದರೂ ಕೈ ಎತ್ತಿಬಿಡಲೇ ಎನ್ನಿಸಿತು, ಎತ್ತಿದರೆ ಅತ್ತಿಯ ಬಾಗಿಲು ಉಳಿಯುತ್ತದೆ. ಆದರೆ ಸುಳ್ಳೇ ಎತ್ತಿ, ನಾಳೆ ಅವಳು ಬಿದ್ದಾಗ ಯಾರಿಗೂ ಕೇಳದಿದ್ದರೆ? ಆಮೇಲೆ ಮಳೆಯ ಒಳಗಿನಿಂದ ಎಲ್ಲೋ ಅಕ್ಕಿಯಲ್ಲಿ ಹರಳು ಸಿಕ್ಕಂತೆ ಅದು ಸಿಕ್ಕಿತು, ಟಿಕ್, ಮತ್ತೆ ಟಿಕ್. ನಾನು ಎರಡೂ ಕೈ ಎತ್ತಿದೆ.

ಅಪ್ಪ ಬೆಸುಗೆ ಹಾಕಿ ಕೂಡಿಸಿದ ಆ ಕೀಬೋರ್ಡು ಬಂದ ಮೇಲೆ ಬಾಗಿಲು ಮತ್ತೆ ಮುಚ್ಚಿತು, ಆಯಿಯ ರೊಟ್ಟಿ ಮತ್ತೆ ದುಂಡಗಾದವು. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಲೂಮುಗಳೆಲ್ಲ ಒಮ್ಮೆಲೇ ನಿಂತು ಕಿವಿ ಬಡಿಯುವಂಥ ಮೌನ. ಆ ಮೌನದಲ್ಲಿ ಅತ್ತಿಯ ಟಿಕ್ ಟಿಕ್ ಒಂದೇ ಸಮನೆ ನಡೆದಿತ್ತು, ಆಯಿ ನೆಮ್ಮದಿಯಾಗಿ ಬೇಳೆ ಆರಿಸುತ್ತಿದ್ದಳು. ಕರೆಂಟಿಲ್ಲದೆ ಕಂಪ್ಯೂಟರು ಹೇಗೆ ನಡೆಯುತ್ತದೆ ಎಂದು ನನಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಹೋಗಿ ಬಾಗಿಲು ಸರಿಸಿದೆ. ಪರದೆ ಕಪ್ಪಗಿತ್ತು. ಅತ್ತಿ ಎಡಗೈಯ ಮೇಲೆ ತಲೆಯಿಟ್ಟು ಮೇಜಿನ ಮೇಲೆ ಒರಗಿದ್ದಳು, ಗುಳಿಗೆಯ ಮಂಪರು ಕಣ್ಣಲ್ಲಿತ್ತು. ಬಲಗೈಯ ಬೆರಳು ಮಾತ್ರ ಯಾವುದೋ ಕೀಗಳನ್ನು ಒತ್ತುತ್ತಲೇ ಇತ್ತು. ನನ್ನನ್ನು ನೋಡಿ ಹತ್ತಿರ ಕರೆದಳು. "ಆಯಿಗ ಹೇಳಬ್ಯಾಡ. ಲೂಮ್ ನಿಂತ್ವಂದ್ರ ಆಕಿಗೆ ಭಾಳ ಅಂಜಿಕಿ ಆಕ್ಕೈತಿ," ಎಂದು ಪಿಸುಗುಟ್ಟಿ, ಒತ್ತುವುದನ್ನು ಬಿಡಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಸಪ್ಪಳ ಕೇಳಿದರೂ ನನಗೆ ಸಮಾಧಾನವಿಲ್ಲವಾಯಿತು. ಇದು ಕೆಲಸದ್ದೋ, ನಮಗಾಗಿ ಒತ್ತುತ್ತಿರುವುದೋ, ಅವಳಿಗೆ ಸಾಕಾಗಿದೆಯೋ ಎಂದು ಕೂತಲ್ಲಿ ನಿಂತಲ್ಲಿ ಅದೇ ಯೋಚನೆ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಆಯಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದು, ಮಾಡಬೇಕಾದದ್ದೆಲ್ಲ ಮುಗಿದು, ನೆಂಟರು ಹೋದ ಮೇಲೆ ಅತ್ತಿ ಅಪ್ಪನ ಎದುರು ಬಂದು ನಿಂತಳು. "ಅಣ್ಣಾ, ಆ ಮೆತ್ತಂದು ಇತ್ತಲ್ಲ, ಅದನ್ನ ಹಚ್ಚಿಕೊಡು. ಇಷ್ಟು ವರ್ಷ ಇದ್ದೀನಿ, ಇದ್ದೀನಿ ಅಂತ ಹೇಳ್ಕೋತನ ಕುಂತೀನಿ. ಸಾಕಾಗೇತಿ ನನಗ." ಅವ್ವ ಬೇಡವೆನ್ನಲು ಬಾಯಿ ತೆರೆದಳು. ಅಪ್ಪ ಅವಳನ್ನು ಕೈಸನ್ನೆಯಿಂದ ತಡೆದು, ಅಟ್ಟ ಹತ್ತಿ ಆ ರಬ್ಬರಿನ ಕೀಬೋರ್ಡನ್ನು ತೆಗೆದು, ಧೂಳು ಒರೆಸಿ, ತಾನೇ ಜೋಡಿಸಿಕೊಟ್ಟ. ಕೆಲಸ ಮುಗಿಸಿ ಹೊರಗೆ ಬರುವಾಗ ಬಾಗಿಲನ್ನೂ ಅವನೇ ಎಳೆದುಕೊಂಡು ಬಂದ. ಆಮೇಲೆ ಆ ಬಾಗಿಲಿನ ಹಿಂದೆ ಏನೂ ಕೇಳಿಸದಂತೆ ವರ್ಷಗಳು ಹೋದವು. ನಾವು ಅಂಜುವುದನ್ನು ಬಿಡಲಿಲ್ಲ, ಅವಳಿಗೆ ತೋರಿಸುವುದನ್ನು ಬಿಟ್ಟೆವು.

ಅತ್ತಿ ಹೋದದ್ದು ಒಂದು ಮಧ್ಯಾಹ್ನ, ಅದೇ ಖೋಲಿಯಲ್ಲಿ. ನಾನು ಆಗ ಖಾನಾಪುರದಲ್ಲಿ ಕೆಲಸಕ್ಕಿದ್ದೆ, ಫೋನು ಬಂದು ಬಸ್ಸು ಹಿಡಿದು ಬರುವಷ್ಟರಲ್ಲಿ ಓಣಿಯ ಮಂದಿ ಸೇರಿದ್ದರು. ಊಟಕ್ಕೆ ಕರೆಯಲು ಅಪ್ಪ ಬಾಗಿಲು ಬಡಿದು ದೂಡಿದಾಗ ಅವಳು ಕುರ್ಚಿಯಲ್ಲೇ ಗೋಡೆಗೆ ತಲೆ ಆನಿಸಿದ್ದಳಂತೆ, ಕೈ ತೊಡೆಯ ಮೇಲೆ. ಆ ಹಳೆಯದು ಇದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತು, ಓಡಿ ಹೋಗುತ್ತಿದ್ದೆವು ಎಂದು ಅವ್ವ ಅದನ್ನೇ ಹೇಳಿ ಹೇಳಿ ಅತ್ತಳು. ಡಾಕ್ಟರು ಬಂದು ನೋಡಿ, ಎಷ್ಟು ಹೊತ್ತಿಗೆ ಆಗಿರಬಹುದು ಎಂದು ಕೇಳಿದರು. ಗೋಡೆಯಾಚೆ ಕೂತೇ ತಂಗಿ ಯಾವಾಗ ಸಾಲು ಮುಗಿಸಿದಳು, ಯಾವಾಗ ಎದ್ದಳು ಎಂದು ಹೇಳುತ್ತಿದ್ದ ಅಪ್ಪ, "ತಿಳಿಲಿಲ್ರಿ," ಎಂದ. ನನಗೆ ಅವತ್ತು ಎದೆ ಒಡೆದುಹೋಗುವಷ್ಟು ದುಃಖವಾಯಿತು, ಅವಳ ಮೇಲೆ ಸಿಟ್ಟೂ ಬಂತು. ಈಗ ಸಿಟ್ಟಿಲ್ಲ. ಅವಳ ಬದುಕಿನ ಅಷ್ಟೂ ಮಧ್ಯಾಹ್ನಗಳನ್ನು ನಾವು ಗೋಡೆಯ ಈಚೆ ಕೂತು ಕೇಳಿಸಿಕೊಂಡಿದ್ದೆವು. ಕೊನೆಯದೊಂದನ್ನು ಅವಳು ನಮಗೆ ಕೇಳಿಸಗೊಡಲಿಲ್ಲ.